ಸಂಖ್ಯೆಯನ್ನು ಹತ್ತಿರದ ಹತ್ತು, ನೂರು, ಸಾವಿರಕ್ಕೆ ರೌಂಡ್ ಮಾಡುವುದು ಹೇಗೆ?

ಯಾವ ಸ್ಥಾನಕ್ಕೆ ಬೇಕೋ ಅದರ ಬಲಗಡೆಯ ಒಂದೇ ಒಂದು ಅಂಕಿ ನೋಡಿ. ಅದು 5 ಅಥವಾ ಹೆಚ್ಚಿದ್ದರೆ ಆ ಸ್ಥಾನಕ್ಕೆ 1 ಕೂಡಿಸಿ, 4 ಅಥವಾ ಕಡಿಮೆಯಿದ್ದರೆ ಹಾಗೇ ಬಿಡಿ. ಬಲಗಡೆಯದ್ದೆಲ್ಲ ಸೊನ್ನೆ.

ನಮ್ಮ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಹತ್ತಿರದ ಹತ್ತಕ್ಕೆ 1820, ನೂರಕ್ಕೆ 1800, ಸಾವಿರಕ್ಕೆ 2000. ಲೆಕ್ಕ ಮೂರೂ ಸರಿ. ಆದರೆ ಮಳೆಗಾಲದಲ್ಲಿ ಅಡಿ ಅಡಿಗೂ ಲೆಕ್ಕ ಇಡುವ ಡ್ಯಾಂಗೆ 2000 ಅಂದರೆ ಏನೂ ಹೇಳಿದಂತಾಗಲಿಲ್ಲ. ಹಾಗಾಗಿ ಸ್ಥಾನವನ್ನು ಕೆಲಸ ನೋಡಿ ಆರಿಸಿ.

ಹೆಚ್ಚಿನವರು ಎಡವುವುದು ಎರಡು ಸಲ ರೌಂಡ್ ಮಾಡಿದಾಗ. ಅಡಿಕೆ ಕ್ವಿಂಟಲ್‌ಗೆ 48,647 ರೂಪಾಯಿ ಅಂತಿಟ್ಟುಕೊಳ್ಳಿ. ನೂರಕ್ಕೆ ಬೇಕಾದರೆ ನೋಡಬೇಕಾದ್ದು ಹತ್ತರ ಸ್ಥಾನದ 4, ಉತ್ತರ 48,600. ಮೊದಲು ಹತ್ತಕ್ಕೆ 48,650 ಮಾಡಿ, ಆಮೇಲೆ ಅದನ್ನು 48,700 ಮಾಡಿದಿರೋ, ತಪ್ಪು. (ದುಡ್ಡು ಕೊಡುವಾಗ ಮಂಡಿಯವರು ಈ ತಪ್ಪು ಮಾಡಲಾರರು ಬಿಡಿ!)

ಆ ಸ್ಥಾನದಲ್ಲಿ 9 ಇದ್ದು ಏರಿಸಬೇಕಾಗಿ ಬಂದರೆ ದಶಕ ಎಡಕ್ಕೆ ಹೋಗುತ್ತದೆ: 1997 ಹತ್ತಕ್ಕೆ 2000. ದಶಾಂಶಕ್ಕೂ ಇದೇ ನಿಯಮ, ಕೊನೆಗೆ ಸೊನ್ನೆ ಮಾತ್ರ ತುಂಬಬೇಡಿ: 6.378 ಕೆಜಿ, ಒಂದು ದಶಾಂಶ ಸ್ಥಾನಕ್ಕೆ 6.4.