ಗೀಸರ್ ನಿಧಾನ, ಕಾಯಿಲ್ ಕೆಟ್ಟಿದೆಯೇ?

ಪ್ರಶ್ನೆ: ಚಳಿಗಾಲ ಬಂದಾಗಿನಿಂದ ನಮ್ಮ 25 ಲೀಟರಿನ ಗೀಸರ್‌ನಲ್ಲಿ ನೀರು ಕಾಯಲು ಒಂದು ತಾಸು ಬೇಕು. ಕಾಯಿಲ್ ಬದಲಿಸಬೇಕೇ?
— ಓದುಗರು, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ಮೊದಲು ವೋಲ್ಟೇಜ್ ನೋಡಿಸಿ. 230 ವೋಲ್ಟ್ ಇದ್ದರೆ 2000 ವ್ಯಾಟಿನ ಕಾಯಿಲ್ 20 ಡಿಗ್ರಿಯ ನೀರನ್ನು 60ಕ್ಕೆ ತರಲು ಸುಮಾರು 35 ನಿಮಿಷ ಸಾಕು. 180ಕ್ಕೆ ಇಳಿದರೆ ಅದೇ ಕಾಯಿಲ್ ಎಳೆಯುವುದು 1225 ವ್ಯಾಟ್ ಅಷ್ಟೇ; ತಾಸು ಹಿಡಿಯುವುದು ಸಹಜ. ಖರ್ಚು ಮಾತ್ರ ಎರಡೂ ಸಲ ಹೆಚ್ಚುಕಡಿಮೆ 1.2 ಯೂನಿಟ್. ಬಿಲ್ ಏರಿಸುವುದು ದಿನವಿಡೀ ಆನ್ ಇಡುವ ಚಟ. ನೀರು ಎಷ್ಟು ಕಾಯಬೇಕೆಂದು ಹಿಡಿದಿಡುವ ಥರ್ಮೋಸ್ಟಾಟನ್ನು 55 ಡಿಗ್ರಿಗೆ ಇಳಿಸಿ.

ಬೋರ್ ನೀರೇ? ಕಾಯುವಾಗ ಒಳಗೆ ಜೋಳ ಹುರಿದಂತೆ ಚಟಪಟ ಸದ್ದು ಬಂದರೆ ಕಾಯಿಲಿಗೆ ಸುಣ್ಣ ಕಟ್ಟಿದೆ. ಶಾಖ ಹೊರಬರದೆ ಅದು ಸುಟ್ಟುಹೋಗುತ್ತದೆ. ಎಂಸಿಬಿ (ಬೋರ್ಡಿನಲ್ಲಿ ಗೀಸರಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ನೀರು ಬಸಿದು ಸ್ವಚ್ಛ ಮಾಡಿಸಿ. ಆಗಲೇ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಂ ಸರಳನ್ನೂ ನೋಡಿಸಿ. ಸವೆದು ನಡುವಿನ ತಂತಿಯಷ್ಟೇ ಉಳಿದಿದ್ದರೆ ಬದಲಿಸಿ.