ಗಣಕ ಪ್ರಶ್ನೋತ್ತರ: ಹಳೇ ಡೆಸ್ಕ್‌ಟಾಪ್, ಒಂಟಿ ರ‍್ಯಾಮ್, ನುಡಿ ಫೈಲು

ಪ್ರಶ್ನೆ: ನಮ್ಮ ಅಂಗಡಿಯ ಡೆಸ್ಕ್‌ಟಾಪ್ 2017ರದ್ದು. ಇಂಟೆಲ್ ಐ3-7100, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಬಿಲ್ಲಿಂಗ್ ತೆರೆಯುವಷ್ಟರಲ್ಲಿ ಐದಾರು ನಿಮಿಷ ಹೋಗುತ್ತದೆ. ಇದಕ್ಕೆ ವಿಂಡೋಸ್ 11 ಬರುವುದಿಲ್ಲ, ಹೊಸದನ್ನೇ ತಗೊಳ್ಳಿ ಎನ್ನುತ್ತಾರೆ ರಿಪೇರಿಯವರು. ಬೇರೆ ದಾರಿ ಇಲ್ಲವೇ? — ಓದುಗರು, ರಾಣೆಬೆನ್ನೂರು

ಉತ್ತರ: ಇದೆ. ವಿಂಡೋಸ್ 11 ಬರುವುದಿಲ್ಲ ಎಂಬುದು ನಿಜ. ಕೆಲವೇ ಅಪವಾದ ಬಿಟ್ಟರೆ ಇಂಟೆಲ್‌ನ 8ನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರ್‌ಗಳಿಗಷ್ಟೇ ಮೈಕ್ರೋಸಾಫ್ಟ್ ಒಪ್ಪಿಗೆ ಕೊಟ್ಟಿದೆ; ನಿಮ್ಮದು 7ನೆಯದು. ಆದರೆ ಯಂತ್ರ ತೆವಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲು ತೆವಳುವ ವಿಚಾರ. ಯಂತ್ರ ಆನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು 20–30 ಪ್ರತಿಶತದಲ್ಲಿದ್ದು ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದ್ದರೆ ತಪ್ಪು ಪ್ರೊಸೆಸರ್‌ನದಲ್ಲ. ಹಾರ್ಡ್ ಡಿಸ್ಕ್ ಒಳಗೆ ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಜಾಗದಿಂದ ಜಾಗಕ್ಕೆ ಓಡಾಡಬೇಕು. ಚದುರಿದ ಸಣ್ಣ ಫೈಲುಗಳನ್ನು ಓದುವಾಗ ಅದು ಸೆಕೆಂಡಿಗೆ ನೂರರ ಆಸುಪಾಸು ಕಡೆ ಹೋಗಿ ಬರಬಲ್ಲದು, ಅಷ್ಟೇ. ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲಿ ಡೇಟಾ ಇಡುವ ಸಾಧಾರಣ ಎಸ್‌ಎಸ್‌ಡಿ ಇದೇ ಕೆಲಸವನ್ನು ಹತ್ತಾರು ಸಾವಿರ ಬಾರಿ ಮಾಡುತ್ತದೆ. ಜೊತೆಗೆ 4 ಜಿಬಿ ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಅದೇ ಡಿಸ್ಕ್ ಮೇಲೆ ಇಟ್ಟು ತೆಗೆದು ಮಾಡುತ್ತದೆ, ಹೊರೆ ಇನ್ನಷ್ಟು ಬೀಳುತ್ತದೆ.

ನಿಮಗೆ ಬೇಕಾದವು ಎರಡೇ: 480 ಅಥವಾ 500 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಒಂದು, 8 ಜಿಬಿ ರ‍್ಯಾಮ್ ಒಂದು. ರ‍್ಯಾಮ್ ಕೊಳ್ಳುವ ಮೊದಲು ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ನೋಡಿ. 2133 ಅಥವಾ 2400 ಇದ್ದರೆ ಡಿಡಿಆರ್4. 1333 ಅಥವಾ 1600 ಇದ್ದರೆ ಡಿಡಿಆರ್3. ಈ ತಲೆಮಾರಿನಲ್ಲಿ ಎರಡೂ ಬಗೆಯ ಬೋರ್ಡುಗಳು ಬಂದಿವೆ, ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದಿಲ್ಲ. ಡಿಡಿಆರ್4-3200 ಹಾಕಿದರೂ ಅಡ್ಡಿಯಿಲ್ಲ, ಈ ಪ್ರೊಸೆಸರ್ ಅದನ್ನು 2400ರಲ್ಲೇ ಓಡಿಸುತ್ತದೆ.

ಕ್ಲೋನ್ ಮಾಡುವ, ಅಂದರೆ ಹಳೇ ಡಿಸ್ಕ್‌ನಲ್ಲಿರುವ ವಿಂಡೋಸ್ ಸಮೇತ ಎಲ್ಲವನ್ನೂ ಹಾಗೇ ಎಸ್‌ಎಸ್‌ಡಿಗೆ ಇಳಿಸುವ ಮೊದಲು ಬಿಲ್ಲಿಂಗ್ ಡೇಟಾವನ್ನು ಪೆನ್ ಡ್ರೈವ್‌ಗೆ ಪ್ರತಿ ಮಾಡಿ, ಇನ್ನೊಂದು ಯಂತ್ರದಲ್ಲಿ ತೆರೆದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಹಳೇ ಡಿಸ್ಕ್‌ನ ಆರೋಗ್ಯ ನೋಡಿ. ನೀಲಿ ಬಣ್ಣ ಬಂದರೆ ಮುಂದುವರಿಯಿರಿ. ಹಳದಿ ಬಂದರೆ ಕೆಲವು ಸೆಕ್ಟರ್‌ಗಳು ಹಾಳಾಗಿವೆ ಎಂದರ್ಥ. ಕ್ಲೋನ್ ನಡುವೆಯೇ ನಿಲ್ಲಬಹುದು. ಅಂಥಲ್ಲಿ ಎಸ್‌ಎಸ್‌ಡಿಗೆ ವಿಂಡೋಸ್ ಹೊಸದಾಗಿ ಹಾಕಿ, ಡೇಟಾ ಮಾತ್ರ ತನ್ನಿ. ಕ್ಲೋನ್ ಮಾಡುವುದಾದರೆ ಸಿ ಡ್ರೈವ್ ಮತ್ತು ಅದರ ಪಕ್ಕದ ಸಣ್ಣ ಬೂಟ್ ಪಾರ್ಟಿಷನ್‌ಗಳೆಲ್ಲವನ್ನೂ ಆರಿಸಬೇಕು. ಸಿ ಒಂದನ್ನೇ ಪ್ರತಿ ಮಾಡಿ, ಆಮೇಲೆ ಯಂತ್ರ ಬೂಟ್ ಆಗುತ್ತಿಲ್ಲ ಎನ್ನುವವರೇ ಹೆಚ್ಚು. ಮುಗಿದ ಮೇಲೆ ಪವರ್ ತೆಗೆದು, ಹಳೇ ಡಿಸ್ಕ್‌ನ ಕೇಬಲ್ ಕಳಚಿ, ಎಸ್‌ಎಸ್‌ಡಿ ಒಂದನ್ನೇ ಜೋಡಿಸಿ ಆನ್ ಮಾಡಿ. ಎರಡೂ ಜೋಡಿಸಿದ್ದರೆ ಯಂತ್ರ ಹಳೆಯದರಿಂದಲೇ ಬೂಟ್ ಆಗಿ, ಎಸ್‌ಎಸ್‌ಡಿ ಹಾಕಿದರೂ ವ್ಯತ್ಯಾಸವಿಲ್ಲ ಎನ್ನಿಸುತ್ತದೆ. ಒಂದು ವಾರ ಸರಿಯಾಗಿ ನಡೆದ ಮೇಲೆ ಹಳೇ ಡಿಸ್ಕನ್ನು ಬ್ಯಾಕಪ್‌ಗೆ ಬಳಸಿ.

ಇನ್ನು ಸುರಕ್ಷತೆ. ವಿಂಡೋಸ್ 10ರ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವೈಯಕ್ತಿಕ ಬಳಕೆದಾರರಿಗೆಂದು ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಸುರಕ್ಷತಾ ಅಪ್‌ಡೇಟ್ ಯೋಜನೆ ತಂದಿತು. ಯಂತ್ರ 22ಎಚ್2 ಆವೃತ್ತಿಯಲ್ಲಿರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರುವ ಕೊಂಡಿ ಕಾಣುತ್ತದೆ. ಅದು ಅವಧಿ ಮುಂದೂಡಿಕೆ ಮಾತ್ರ. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶವೇ ಅನಿವಾರ್ಯವಾದರೆ ಅಷ್ಟರೊಳಗೆ ಹೊಸ ಯಂತ್ರಕ್ಕೆ ಹಣ ಹೊಂದಿಸಿಕೊಳ್ಳಿ. ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಲೆಕ್ಕಪತ್ರ ಇರುವ ಯಂತ್ರಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಒಪ್ಪಿಗೆಯಿಲ್ಲದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಟ್ಟಿಲ್ಲ. ಬಿಲ್ಲಿಂಗ್ ಬ್ರೌಸರ್‌ನಲ್ಲೇ ನಡೆಯುವುದಾದರೆ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಈ ಯಂತ್ರಕ್ಕೆ ಹೇಳಿ ಮಾಡಿಸಿದ್ದು, ಅಪ್‌ಡೇಟ್ 2029ರವರೆಗೆ ಇದೆ. 8 ಜಿಬಿ ಪೆನ್ ಡ್ರೈವ್‌ನಿಂದಲೇ ಬೂಟ್ ಮಾಡಿ, ಡಿಸ್ಕ್ ಮುಟ್ಟದೆ ಮೊದಲು ಪ್ರಿಂಟರ್, ಬಾರ್‌ಕೋಡ್ ಸ್ಕ್ಯಾನರ್, ವೈಫೈ ಮೂರನ್ನೂ ಪರೀಕ್ಷಿಸಿ. ಬಿಲ್ ಪ್ರಿಂಟರ್‌ಗೆ ಡ್ರೈವರ್ ಸಿಗದೆ ಹಿಂದಿರುಗಿದವರನ್ನು ಬಹಳ ಕಂಡಿದ್ದೇವೆ.

ಪ್ರಶ್ನೆ: ಮಗನಿಗೆ ರೈಜನ್ 5 5600ಜಿ ಇರುವ ಪಿಸಿ ಕಟ್ಟಿಸಿದೆವು. ಗ್ರಾಫಿಕ್ಸ್ ಕಾರ್ಡ್ ಇಲ್ಲ. 16 ಜಿಬಿ ರ‍್ಯಾಮ್ ಇದ್ದರೂ ಜಿಟಿಎ 5 ತಡವರಿಸುತ್ತದೆ. ಕಾರ್ಡ್ ಹಾಕಲೇಬೇಕೇ? — ಓದುಗರು, ತುಮಕೂರು

ಉತ್ತರ: ಆ 16 ಜಿಬಿ ಒಂದೇ ಕಡ್ಡಿಯೋ, ಎಂಟೆಂಟರ ಎರಡೋ? ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂದಿರುತ್ತದೆ. ಒಂದೇ ಆಗಿದ್ದರೆ ತಡವರಿಕೆಯ ಮೂಲ ಅಲ್ಲಿದೆ. ಪ್ರೊಸೆಸರ್ ಒಳಗಿನ ವೇಗಾ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಅದು ರ‍್ಯಾಮನ್ನೇ ಹಂಚಿಕೊಂಡು ಬದುಕಬೇಕು. ಡಿಡಿಆರ್4-3200 ಕಡ್ಡಿ ಒಂದರಿಂದ ಸೆಕೆಂಡಿಗೆ 25.6 ಜಿಬಿ ಸಿಗುತ್ತದೆ; ಎರಡು ಕಡ್ಡಿ ಎರಡು ಚಾನೆಲ್‌ನಲ್ಲಿ, ಅಂದರೆ ಪ್ರೊಸೆಸರ್‌ಗೆ ಹೋಗುವ ಎರಡು ಬೇರೆ ದಾರಿಗಳಲ್ಲಿ ಇದ್ದರೆ 51.2. ಕಟ್ಟಿಕೊಟ್ಟವರು ಮುಂದೆ ವಿಸ್ತರಿಸಬಹುದೆಂದು ಒಂದೇ ಕಡ್ಡಿ ಹಾಕಿದ್ದರೆ ಗ್ರಾಫಿಕ್ಸ್‌ನ ದಾರಿಯನ್ನೇ ಅರ್ಧಕ್ಕೆ ಇಳಿಸಿದಂತಾಗಿದೆ. ಈ ಪ್ರೊಸೆಸರ್ ಜೊತೆ 8 + 8 ಕೊಡಬೇಕಿತ್ತು.

ರ‍್ಯಾಮ್ ಬೆಲೆ 2025ರ ಕೊನೆಯಿಂದ ಏರಿರುವುದರಿಂದ ಇನ್ನೊಂದು 16 ಕೊಳ್ಳುವ ಬದಲು ಇರುವುದನ್ನು ಕೊಟ್ಟು ಎರಡು 8 ತೆಗೆದುಕೊಳ್ಳಲು ಆಗುತ್ತದೆಯೇ ವಿಚಾರಿಸಿ. ನಾಲ್ಕು ಸ್ಲಾಟ್‌ನ ಬೋರ್ಡ್ ಆದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದಕ್ಕೆ ಹಾಕಿ. ಅಕ್ಕಪಕ್ಕ ಹಾಕಿದರೆ ಸಾಮಾನ್ಯವಾಗಿ ಎರಡೂ ಒಂದೇ ಚಾನೆಲ್‌ಗೆ ಬೀಳುತ್ತವೆ. ಯಂತ್ರ ಆನ್ ಆಗುವಾಗ ತೆರೆಯಬಹುದಾದ ಬೋರ್ಡ್‌ನ ಸೆಟ್ಟಿಂಗ್ ಪುಟ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಆನ್ ಮಾಡಿ. ಇದನ್ನು ಮರೆತರೆ 3200ರ ರ‍್ಯಾಮ್ 2133 ಅಥವಾ 2400ರಲ್ಲೇ ಓಡಬಹುದು. ಗ್ರಾಫಿಕ್ಸ್‌ಗೆಂದು ಎಷ್ಟು ರ‍್ಯಾಮ್ ಮೀಸಲಿಡಬೇಕೆಂದು ಹೇಳುವ ಯುಎಂಎ ಫ್ರೇಮ್ ಬಫರ್ ಎಂಬುದನ್ನು 2 ಜಿಬಿಗೆ ಇಡಿ. ಬಯಾಸ್ ಬದಲಿಸಿದ ಮೇಲೆ ಪರದೆ ಬಾರದಿದ್ದರೆ ಗಾಬರಿ ಬೇಡ. ಪವರ್ ತೆಗೆದು, ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಐದು ನಿಮಿಷ ಕಳಚಿಟ್ಟರೆ ಹಳೇ ಸ್ಥಿತಿಗೆ ಬರುತ್ತದೆ.

ಇಷ್ಟಾದ ಮೇಲೂ ಮಗನಿಗೆ ಹೊಸ ದೊಡ್ಡ ಆಟಗಳೇ ಬೇಕೆಂದರೆ ಆಗ ಕಾರ್ಡ್. ಒಂದು ಎಚ್ಚರಿಕೆ: ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ದಾರಿಯಾದ ಪಿಸಿಐಇಯಲ್ಲಿ 5600ಜಿ 3.0 ಆವೃತ್ತಿಯನ್ನು ಮಾತ್ರ ಕೊಡುತ್ತದೆ. ಅಗ್ಗವೆಂದು ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ತಂದರೆ, ಅದು ಬಳಸುವುದೇ ಆ ದಾರಿಯ ನಾಲ್ಕು ಲೇನ್ (ಸಾಲು), 4.0ಕ್ಕೆ ಹೋಲಿಸಿದರೆ 3.0ರಲ್ಲಿ ಆ ನಾಲ್ಕರ ವೇಗವೂ ಅರ್ಧ. ಅದರ 4 ಜಿಬಿ ಮೆಮೊರಿ ತುಂಬಿದ ಗಳಿಗೆಯಲ್ಲಿ ಆಟ ಕಚ್ಚಿಕೊಳ್ಳುತ್ತದೆ. ಎಂಟು ಲೇನ್, 8 ಜಿಬಿಯ ಆರ್‌ಎಕ್ಸ್ 6600 ಈ ಯಂತ್ರಕ್ಕೆ ಸರಿಯಾದ ಜೊತೆ. ಅದು 132 ವಾಟ್ ಎಳೆಯುತ್ತದೆ, ಒಳ್ಳೆಯ 450 ವಾಟ್ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಸಾಕು, ಆದರೆ ಅದರಲ್ಲಿ 8 ಪಿನ್ ಗ್ರಾಫಿಕ್ಸ್ ಕೇಬಲ್ ಇರಬೇಕು. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಎಸ್‌ಎಂಪಿಎಸ್‌ಗೆ ಕಾರ್ಡ್ ಜೋಡಿಸಬೇಡಿ.

ಪ್ರಶ್ನೆ: 144 ಹರ್ಟ್ಸ್ ಮಾನಿಟರ್ ತಂದೆ, ಏನೂ ವ್ಯತ್ಯಾಸ ಕಾಣುತ್ತಿಲ್ಲ. — ಓದುಗರು, ಮೈಸೂರು

ಉತ್ತರ: ಪರದೆ ಸೆಕೆಂಡಿಗೆ ಎಷ್ಟು ಬಾರಿ ಹೊಸದಾಗಬೇಕು ಎಂಬುದನ್ನು ವಿಂಡೋಸ್ ತಾನಾಗಿ 60ಕ್ಕೇ ಇಟ್ಟಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂಬಲ್ಲಿ 144 ಆರಿಸಿ. ಪಟ್ಟಿಯಲ್ಲೇ ಇಲ್ಲದಿದ್ದರೆ ಎಚ್‌ಡಿಎಂಐ ಬಿಟ್ಟು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ. ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೇ ಸೇರಿದೆಯೇ, ಮದರ್‌ಬೋರ್ಡ್‌ಗೆ ಸೇರಿದೆಯೇ ಎಂಬುದನ್ನೂ ನೋಡಿ.

ಪ್ರಶ್ನೆ: ಗೇಮಿಂಗ್ ಲ್ಯಾಪ್‌ಟಾಪ್ ಎರಡು ವರ್ಷ ಹಳೆಯದು. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಕೆಂಡವಾಗಿ ಫ್ರೇಮ್‌ಗಳು ಅರ್ಧಕ್ಕೆ ಇಳಿಯುತ್ತವೆ. — ಓದುಗರು, ಬಳ್ಳಾರಿ

ಉತ್ತರ: 95–100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಹೊರಗಿನ ಜಾಲರಿ ಒರೆಸಿದರೆ ಸಾಲದು. ಧೂಳು ಕಂಬಳಿಯಂತೆ ಕೂರುವುದು ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ, ತಳದ ಕವರ್ ತೆಗೆದರಷ್ಟೇ ಕಾಣುತ್ತದೆ. ಬ್ಯಾಟರಿ ಕನೆಕ್ಟರ್ ಮೊದಲು ಕಳಚಿ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿಯಿರಿ, ಇಲ್ಲವಾದರೆ ಬೇರಿಂಗ್ ಹೋಗುತ್ತದೆ. ಪ್ರೊಸೆಸರ್‌ನ ಶಾಖವನ್ನು ಹೀಟ್‌ಸಿಂಕ್‌ಗೆ ಸಾಗಿಸುವ ಪೇಸ್ಟ್ ಬದಲಿಸುವುದಾದರೆ ಹೀಟ್‌ಸಿಂಕ್ ಸ್ಕ್ರೂಗಳನ್ನು ಅದರ ಮೇಲೆ ಮುದ್ರಿಸಿರುವ ಸಂಖ್ಯೆಯ ಕ್ರಮದಲ್ಲೇ ಬಿಗಿಯಿರಿ, ಹಳೇ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಪೂರ್ತಿ ತೆಗೆಯಿರಿ. ಪಕ್ಕದ ಚಿಪ್‌ಗಳ ಮೇಲಿನ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳು ಹರಿಯದಿರಲಿ. ಆ ಜಾಗಕ್ಕೆ ಪೇಸ್ಟ್ ಹಚ್ಚಿದರೆ ಸಂದು ತುಂಬುವುದಿಲ್ಲ.

ಬಿಚ್ಚುವ ಮೊದಲೇ ಮಾಡಬಹುದಾದ್ದು ಒಂದಿದೆ. ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು 100ರಿಂದ 99 ಪ್ರತಿಶತಕ್ಕೆ ಇಳಿಸಿ. ಟರ್ಬೊ, ಅಂದರೆ ಪ್ರೊಸೆಸರ್ ತಾನಾಗಿ ವೇಗ ಏರಿಸಿಕೊಳ್ಳುವುದು, ನಿಂತು ಶಾಖ ಒಮ್ಮೆಲೇ ಇಳಿಯುತ್ತದೆ, ಬಹುಪಾಲು ಆಟಗಳಿಗೆ ಉಳಿದ ವೇಗ ಸಾಕು. ಫ್ರೇಮ್ ಮಿತಿ 60ಕ್ಕೆ ಕಟ್ಟಿ. ಹಾಸಿಗೆ, ದಿಂಬಿನ ಮೇಲಿಟ್ಟು ಆಡಲೇಬೇಡಿ.

ಪ್ರಶ್ನೆ: ಪಿಸಿಯ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಎಸ್‌ಎಂಪಿಎಸ್ ಬದಲಿಸಿದರೂ ಹಾಗೇ ಇದೆ. — ಓದುಗರು, ಸಾಗರ

ಉತ್ತರ: ದೋಷ ನಿಮ್ಮ ಮನೆಯ ಅರ್ಥಿಂಗ್‌ನಲ್ಲಿರುವ ಸಂಭವವೇ ಹೆಚ್ಚು. ಎಸ್‌ಎಂಪಿಎಸ್ ಒಳಗೆ ಗದ್ದಲ ಸೋಸಲೆಂದು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್‌ಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ಸರಿಯಿದ್ದರೆ ಆ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ 230 ವೋಲ್ಟ್‌ನ ಅರ್ಧಕ್ಕೆ, ಅಂದರೆ ಸುಮಾರು 115ಕ್ಕೆ ಏರಿ ನಿಲ್ಲುತ್ತದೆ. ಎಸ್‌ಎಂಪಿಎಸ್ ಎಷ್ಟು ಬದಲಿಸಿದರೂ ಇದು ಹೋಗದು. ಸೋರಿಕೆ ಕಡಿಮೆ ಇರುವುದರಿಂದ ಜುಮ್ ಎನ್ನುವಷ್ಟಕ್ಕೇ ನಿಂತಿದೆ. ಆದರೆ ಹಾಗೆ ಏರಿದ ಪಿಸಿಗೆ ಎಚ್‌ಡಿಎಂಐ ಮೂಲಕ ಟಿವಿ ಜೋಡಿಸುವಾಗ ಪೋರ್ಟ್ ಸುಡಬಹುದು. ಮುಂದೆ ಒಳಗೆ ನಿಜವಾದ ಶಾರ್ಟ್ ಆದರಂತೂ ಜೀವಕ್ಕೇ ಅಪಾಯ.

ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಪ್ಲಗ್ ಪಾಯಿಂಟ್ ಮತ್ತು ಅರ್ಥ್ ಗುಂಡಿ ಎರಡನ್ನೂ ತೋರಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಅಥವಾ ಅರ್ಥ್ ತಂತಿಯೇ ಇಲ್ಲದ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಇವತ್ತೇ ತೆಗೆದುಹಾಕಿ. ಸಾಕೆಟ್‌ನಲ್ಲಿ ನ್ಯೂಟ್ರಲ್‌ನಿಂದ ಅರ್ಥ್‌ಗೆ ತಂತಿ ಎಳೆದು ಸರಿಮಾಡುತ್ತೇನೆ ಎಂದು ಯಾರೇ ಹೇಳಿದರೂ ಬಿಡಬೇಡಿ. ನ್ಯೂಟ್ರಲ್ ತುಂಡಾದ ದಿನ ಕ್ಯಾಬಿನೆಟ್ ಪೂರ್ತಿ 230ಕ್ಕೆ ಏರುತ್ತದೆ.

ಪ್ರಶ್ನೆ: ಸಂಘದ ಇಪ್ಪತ್ತು ವರ್ಷದ ಠರಾವು, ಸ್ಮರಣ ಸಂಚಿಕೆ ಎಲ್ಲ ಹಳೇ ನುಡಿ ಫಾಂಟ್‌ನಲ್ಲಿವೆ. ಮೊಬೈಲ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಉಳಿಸಿಕೊಳ್ಳುವುದು ಹೇಗೆ? — ಓದುಗರು, ಧಾರವಾಡ

ಉತ್ತರ: ಫೈಲು ಕೆಟ್ಟಿಲ್ಲ. ಹಳೇ ನುಡಿ, ಬರಹ ಫಾಂಟುಗಳು ಕನ್ನಡದ ಅಕ್ಷರರೂಪಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದವು. ಗಣಕದ ಲೆಕ್ಕದಲ್ಲಿ ಅಲ್ಲಿರುವುದು ರೋಮನ್ ಪಠ್ಯವೇ. ಕನ್ನಡ ಕಾಣಿಸುವುದು ಆ ಫಾಂಟ್ ಇದ್ದಾಗ ಮಾತ್ರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ 128 ಸ್ಥಾನಗಳಿವೆ, ಅಲ್ಲಿಗೆ ಸಾಗಿಸಿದರೆ ಯಾವ ಸಾಧನದಲ್ಲೂ ಓದಬಹುದು, ಹುಡುಕಬಹುದು.

ಮೂಲ ಫೈಲುಗಳನ್ನು ಎರಡು ಕಡೆ ಪ್ರತಿ ಮಾಡಿ, ಫಾಂಟ್ ಫೈಲನ್ನೂ ಜೊತೆಗಿಡಿ. ವರ್ಡ್‌ನಲ್ಲಿ ತೆರೆದು ಇಡೀ ಪುಟ ಆರಿಸಿ, ನುಡಿಯನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಕ್ಕೆ ಸುರಿಯಬೇಡಿ. ನಡುವೆ ಇರುವ ನಿಜವಾದ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ನುಡಿ ಫಾಂಟಿನ ಒಂದು ಪದದ ಮೇಲೆ ಕರ್ಸರ್ ಇಟ್ಟು, ಹೋಮ್ ಪಟ್ಟಿಯ ಸೆಲೆಕ್ಟ್ ಅಡಿಯಲ್ಲಿ ಇದೇ ರೂಪದ ಪಠ್ಯ ಆರಿಸುವ ಆಯ್ಕೆ ಒತ್ತಿ. ಇಂಗ್ಲಿಷ್ ಪದಗಳು ಎಲ್ಲೆಲ್ಲಿ ಹೊರಗುಳಿದಿವೆ ಎಂದು ಆಗ ಕಾಣುತ್ತದೆ. ಎಕ್ಸೆಲ್ ಆದರೆ ಅಂಕಿಯ ಕಾಲಂ ಬಿಟ್ಟು ಹೆಸರಿನ ಕಾಲಂ ಮಾತ್ರ ಬದಲಿಸಿ.

ಪರಿವರ್ತನೆಯ ನಂತರ ಎಲ್ಲಿ ಎಡವುತ್ತದೆ ಎಂಬುದು ಹೆಚ್ಚುಕಡಿಮೆ ಗೊತ್ತಿರುವ ಸಂಗತಿ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಬಲಕ್ಕೆ ಕೊನೆಗೆ ಬರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಸ್ಥಾನ ಬದಲಿಸದಿದ್ದರೆ ಸೂರ್ಯ, ವರ್ಷ, ಕರ್ನಾಟಕ ಎಲ್ಲ ಕೆಡುತ್ತವೆ. ರಾಷ್ಟ್ರ, ಸ್ತ್ರೀಯಂಥ ಎರಡು ಒತ್ತಿನ ಪದಗಳನ್ನೂ, ದೀರ್ಘದ ಕೊಂಬುಗಳನ್ನೂ ನೋಡಿ. ರ‍್ಯಾಂಕ್ ಎಂಬುದರಲ್ಲಿ ರಕಾರ ಅರ್ಕಾವತ್ತಾಗದಂತೆ ತಡೆಯುವ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ರಾಜ್‌ಕುಮಾರ್ ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗದಂತೆ ಇನ್ನೊಂದು. ಒಂದು ಕಡೆ ಆ ಸಂಕೇತ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಹುಡುಕಿದಾಗ ಅರ್ಧ ಮಾತ್ರ ಸಿಗುತ್ತದೆ. ಠರಾವುಗಳಲ್ಲಿ ಸದಸ್ಯರ ಹೆಸರೇ ಮುಖ್ಯವಾದ್ದರಿಂದ ಹೆಸರುಗಳನ್ನು ಒಬ್ಬರು ಮೂಲ ಓದುತ್ತ ಇನ್ನೊಬ್ಬರು ಪರದೆ ನೋಡುತ್ತ ಹೋಲಿಸಬೇಕು. ಇದಕ್ಕೆ ಸುಲಭದ ಹಾದಿಯಿಲ್ಲ, ಆದರೆ ಒಮ್ಮೆ ಮಾಡಿದರೆ ಸಾಕು.

ಟೈಪ್ ಮಾಡುವವರಿಗೆ ಬೆರಳ ಅಭ್ಯಾಸ ಬದಲಾಗಬೇಕಿಲ್ಲ. ಕನ್ನಡ ಗಣಕ ತಂತ್ರಜ್ಞ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದೇ ಕೀಲಿಮಣೆ ಯೂನಿಕೋಡ್‌ನಲ್ಲೂ ನಡೆಯುತ್ತದೆ. ಲಿನಕ್ಸ್‌ನಲ್ಲಿ ಕಗಪ ಎಂಬ ಹೆಸರಿನಲ್ಲಿ ಮೊದಲೇ ಇದೆ. ಹೊಸ ಠರಾವುಗಳನ್ನು ಇವತ್ತಿನಿಂದಲೇ ನೋಟೊ ಸೆರಿಫ್ ಕನ್ನಡದಂಥ ಯೂನಿಕೋಡ್ ಫಾಂಟಿನಲ್ಲಿ ಬರೆಯಲು ಹೇಳಿ, ಹಳೆಯವನ್ನು ವರ್ಷಕ್ಕೊಂದು ಫೋಲ್ಡರ್‌ನಂತೆ ಇತ್ತೀಚಿನಿಂದ ಹಿಂದಕ್ಕೆ ಸಾಗಿಸುತ್ತ ಬನ್ನಿ.