ಮೆಕ್ಯಾನಿಕಲ್ ಕೀಬೋರ್ಡಿಗೆ ಸದ್ದಿಲ್ಲದ ಟ್ಯಾಕ್ಟೈಲ್ ಸ್ವಿಚ್ (ಒತ್ತುವಾಗ ಬೆರಳಿಗೆ ಸಣ್ಣ ತಡೆ, ಅಂದರೆ ಬಂಪ್, ಸಿಗುವ ಕೀ ಸ್ವಿಚ್) ಯಾವುದು? ಈಗಿರುವ ಚೆರ್ರಿ ಕಂಪನಿಯ ಬ್ರೌನ್ ಸ್ವಿಚ್ ಸದ್ದು ಮಾಡುತ್ತೆ, ಬಂಪೂ ಸರಿಯಾಗಿ ಸಿಗಲ್ಲ; ಅದರ ಕೀಗಳಿಗೆ ಓ-ರಿಂಗ್ (ಸಣ್ಣ ರಬ್ಬರ್ ಬಳೆ) ಹಾಕಿದರೆ ಸಾಕೇ?

ಸಾಕಾಗಲ್ಲ. ಓ-ರಿಂಗ್ ತಡೆಯೋದು ಕೀ ಕೆಳಗೆ ಬಡಿಯುವ ಸದ್ದನ್ನು ಮಾತ್ರ. ಬೆರಳು ಎತ್ತಿದ ತಕ್ಷಣ ಸ್ಪ್ರಿಂಗು ಸ್ಟೆಮ್ಮನ್ನು (ಸ್ವಿಚ್ಚಿನೊಳಗೆ ಮೇಲೆ ಕೆಳಗೆ ಓಡಾಡುವ ಭಾಗ) ಮೇಲಕ್ಕೆ ತಳ್ಳಿ ಹೌಸಿಂಗ್‌ನ, ಅಂದರೆ ಹೊರಕವಚದ, ಮುಚ್ಚಳಕ್ಕೆ ಕುಟ್ಟುತ್ತದಲ್ಲ, ಆ ಟಕಟಕ ಹಾಗೇ ಉಳಿಯುತ್ತದೆ. ಪಕ್ಕದಲ್ಲಿ ಮಲಗಿದವರ ನಿದ್ದೆಗೆಡಿಸಲು ಅದೊಂದೇ ಸಾಕು.

ಬ್ರೌನ್ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದೇ. ಅದರಲ್ಲಿ ಬ್ಲೂ ಸ್ವಿಚ್ ಥರ ಕ್ಲಿಕ್ ಇಲ್ಲ, ಅಷ್ಟೇ. ಸದ್ದು ಅಡಗಿಸುವ ಏರ್ಪಾಡೇನೂ ಇಲ್ಲ. ಬಂಪ್ ಕೂಡ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು. ಹಾಗಂತ ಚೆರ್ರಿಯವರದೇ ಸೈಲೆಂಟ್ ರೆಡ್, ಸೈಲೆಂಟ್ ಬ್ಲಾಕ್ ತಗೊಂಡರೆ ಅವು ಲೀನಿಯರ್, ಬಂಪೇ ಇರಲ್ಲ.

ನಿಮಗೆ ಬೇಕಿರೋದು ಸ್ಟೆಮ್ಮಿನ ಮೇಲೂ ಕೆಳಗೂ ಮೆತ್ತನೆಯ ಪ್ಯಾಡ್ ಇರುವ ಸ್ವಿಚ್, ಬಾಗಿಲ ಚೌಕಟ್ಟಿಗೆ ರಬ್ಬರ್ ಪಟ್ಟಿ ಅಂಟಿಸಿದ ಹಾಗೆ. ನನ್ನ ಮತ ಗಝ್ಯೂ ಬೋಬಾ ಯು4ಕ್ಕೆ. ಒತ್ತಲು ಶುರು ಮಾಡಿದ ಕೂಡಲೇ ಬಂಪ್ ಸಿಗುತ್ತದೆ, ದುಂಡಗಿದೆ, ಬ್ರೌನ್‌ಗೆ ಹೋಲಿಸಿದರೆ ಬಹಳ ಗಟ್ಟಿ. ಹೌಸಿಂಗ್ ಬಿಗಿಯಾಗಿರುವುದರಿಂದ ಕೀ ಅಲುಗಾಡುವುದೂ ಕಡಿಮೆ. 62 ಗ್ರಾಂ, 68 ಗ್ರಾಂ ಎಂದು ಎರಡು ತೂಕಗಳಲ್ಲಿ (ಒತ್ತಲು ಬೇಕಾದ ಬಲ) ಬರುತ್ತದೆ. ದಿನವಿಡೀ ಟೈಪ್ ಮಾಡುವವರಿಗೆ 62 ಸಾಕು ಅನ್ನೋದು ನನ್ನ ಅಭಿಪ್ರಾಯ. ಕೊಳ್ಳುವಾಗ ಹೆಸರು ಸರಿಯಾಗಿ ಓದಿ: ಕೊನೆಯಲ್ಲಿ 'ಟಿ' ಇರುವ ಯು4ಟಿ ಸೈಲೆಂಟ್ ಅಲ್ಲ, ಗಟ್ಟಿ ಸದ್ದಿಗೇ ಹೆಸರಾದ ಸ್ವಿಚ್ ಅದು. ಇನ್ನೂ ಚುರುಕಾದ ಬಂಪ್ ಬೇಕೆಂದರೆ ಝೀಲ್‌ನವರ ಝೈಲೆಂಟ್ಸ್ ಇದೆ, ಆದರೆ ದುಬಾರಿ. ಕೈಗೆಟಕುವ ದರದಲ್ಲಿ ಔಟೆಮು ಸೈಲೆಂಟ್ ಲೆಮನ್ ಪರವಾಗಿಲ್ಲ.

ಇದಕ್ಕೆಲ್ಲ ತೆರಬೇಕಾದ ಬೆಲೆ ಒಂದಿದೆ. ಪ್ಯಾಡ್ ಇರುವ ಯಾವ ಸ್ವಿಚ್ಚಾದರೂ ತಳ ಮುಟ್ಟಿದಾಗ ಸ್ವಲ್ಪ ಮೆತ್ತಗೆ, ಒಂಥರಾ ಸಪ್ಪೆ ಅನಿಸುತ್ತದೆ. ಕೆಲವರಿಗೆ ಅದು ಎಷ್ಟು ದಿನವಾದರೂ ಹಿಡಿಸಲ್ಲ. ಪೂರ್ತಿ ಸೆಟ್ ತರುವ ಮುಂಚೆ ನಾಲ್ಕಾರು ಸ್ವಿಚ್ ತರಿಸಿ, ಹೆಚ್ಚು ಬಳಸುವ ಅಕ್ಷರಗಳಿಗೆ ಹಾಕಿ ನೋಡಿ.

ಇನ್ನು ಸ್ಟೆಬಿಲೈಜರ್, ಅಂದರೆ ಉದ್ದನೆಯ ಕೀಗಳು ವಾಲದಂತೆ ಹಿಡಿಯುವ ತಂತಿಯ ಏರ್ಪಾಡು. ಸ್ವಿಚ್ ಬದಲಿಸಿದ ಮೇಲೆ ಅಕ್ಷರಗಳೆಲ್ಲ ತೆಪ್ಪಗಾಗುತ್ತವೆ, ಆಗಲೇ ಸ್ಪೇಸ್‌ಬಾರ್, ಎಂಟರ್, ಬ್ಯಾಕ್‌ಸ್ಪೇಸ್‌ಗಳ ಗಲಗಲ ಎದ್ದು ಕೇಳೋದು. ಅವುಗಳ ತಂತಿ ಪ್ಲಾಸ್ಟಿಕ್ ಒಳಗೆ ಕೂರುವ ತುದಿಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಧಾರಾಳವಾಗಿ ಹಚ್ಚಿ. ಸ್ವಿಚ್‌ಗೂ ಲ್ಯೂಬ್ ಮಾಡುವ (ಜಾರುವಂತೆ ಜಿಡ್ಡು ಸವರುವ) ಆಸೆಯಾದರೆ ಸ್ಟೆಮ್ಮಿನ ಎರಡು ಕಾಲುಗಳನ್ನು ಮುಟ್ಟಬೇಡಿ, ಬಂಪ್ ಹುಟ್ಟುವುದೇ ಅಲ್ಲಿ. ಕೀಬೋರ್ಡ್ ಕೆಳಗೊಂದು ದಪ್ಪ ಡೆಸ್ಕ್ ಮ್ಯಾಟ್ ಹಾಕಿದರೆ ಮೇಜು ಮಾರ್ದನಿಸುವುದೂ ತಗ್ಗುತ್ತದೆ.

ಆರ್ಡರ್ ಮಾಡುವ ಮುಂಚೆ ನಿಮ್ಮದು ಹಾಟ್‌ಸ್ವಾಪ್ ಬೋರ್ಡೇ (ಸ್ವಿಚ್ಚನ್ನು ಸುಮ್ಮನೆ ಕಿತ್ತು ಬೇರೆ ಹಾಕಬಹುದಾದ್ದೇ) ನೋಡಿಕೊಳ್ಳಿ. ಅಲ್ಲದಿದ್ದರೆ ಒಂದೊಂದು ಸ್ವಿಚ್ಚಿನ ಬೆಸುಗೆಯನ್ನೂ ಬಿಡಿಸಬೇಕಾಗುತ್ತದೆ. ಲೋ-ಪ್ರೊಫೈಲ್ ಅಥವಾ ಆಪ್ಟಿಕಲ್ ಬೋರ್ಡಾಗಿದ್ದರೆ ಮೇಲೆ ಹೇಳಿದ ಯಾವುದೂ ಕೂರಲ್ಲ. ಮಾಡೆಲ್ ಯಾವುದೆಂದು ಕಮೆಂಟಿನಲ್ಲಿ ತಿಳಿಸಿ, ಯಾವುದು ಹೊಂದುತ್ತದೆ ಅಂತ ನೋಡಿ ಹೇಳ್ತೀನಿ.